ಕಿವಿ ಸರಿ ಇದೆ, ಮಾತು ಮಾತ್ರ ತಿಳಿಯುತ್ತಿಲ್ಲ

ಹೋದ ಸಂಚಿಕೆಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರುವ ಒಬ್ಬರಿಗೆ ಬೆರಾ ಬಗ್ಗೆ, ಅಂದರೆ ಸದ್ದಿನ ಸಂಕೇತ ಕಿವಿಯಿಂದ ಮಿದುಳಿಗೆ ಎಷ್ಟು ಬೇಗ ಹೋಗುತ್ತದೆ ಎಂದು ಅಳೆಯುವ ಪರೀಕ್ಷೆ ಬಗ್ಗೆ, ನಾಲ್ಕು ಸಾಲು ಬರೆದಿದ್ದೆ. ಎಂಎಸ್ ಅಂದರೆ ದೇಹದ ರಕ್ಷಣಾ ಪಡೆಯೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ. ಅದರ ಬೆನ್ನಿಗೇ ಒಂದಷ್ಟು ಪತ್ರಗಳು ಬಂದವು. ಎಂಎಸ್ ಅಂದ ಕೂಡಲೇ ಕಣ್ಣು ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು, ವಿಪರೀತ ಸುಸ್ತು, ಇವೇ ಮಾತಿಗೆ ಬರುತ್ತವೆ. ಕಿವಿಯ ವಿಷಯ ಯಾರೂ ಎತ್ತುವುದಿಲ್ಲ. ರೋಗಿಗಳು ಹೇಳುವುದಿಲ್ಲ, ಡಾಕ್ಟರೂ ಕೇಳುವುದಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಆಡಿಯಾಲಜಿಸ್ಟ್. ಕಿವಿ ಪರೀಕ್ಷೆ ಮಾಡುವವಳು. ಎಂಎಸ್ ಔಷಧಿ ಬದಲಿಸಲಾ, ನಿಲ್ಲಿಸಲಾ ಎಂಬ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿಲ್ಲ. ಅವು ನಿಮ್ಮ ನ್ಯೂರಾಲಜಿಸ್ಟ್ ಹತ್ತಿರವೇ ಕೇಳಬೇಕಾದವು. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ. ಎಂಎಸ್ ಇದೆ ಎಂದು ಗೊತ್ತಾಗಿ ನಾಲ್ಕು ವರ್ಷವಾಯಿತು. ಆಫೀಸಿನ ಮೀಟಿಂಗ್‌ನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ನನ್ನ ತಲೆಗೆ ಏನೂ ಹೋಗುವುದಿಲ್ಲ. ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಆಡಿಯೋಗ್ರಾಂ ಮಾಡಿಸಿದೆ. ‘ಕಿವಿ ಫಸ್ಟ್ ಕ್ಲಾಸ್ ಇದೆ, ಟೆನ್ಷನ್ ಮಾಡ್ಕೋಬೇಡಿ’ ಅಂದರು. ಹಾಗಾದರೆ ಇದು ನನ್ನ ಭ್ರಮೆಯಾ?

ಉತ್ತರ: ಭ್ರಮೆ ಅಲ್ಲ. ನಿಮ್ಮ ಆಡಿಯೋಗ್ರಾಂ ಸುಳ್ಳು ಹೇಳಿಲ್ಲ, ನೀವೂ ಸುಳ್ಳು ಹೇಳುತ್ತಿಲ್ಲ. ಆ ಪರೀಕ್ಷೆ ಕೇಳಿದ ಪ್ರಶ್ನೆಯೇ ಬೇರೆ.

ಅಲ್ಲಿ ಏನು ಮಾಡಿದರು ನೆನಪಿಸಿಕೊಳ್ಳಿ. ಸದ್ದೇ ಇಲ್ಲದ ಚಿಕ್ಕ ಕೋಣೆ. ಕಿವಿಗೆ ಹೆಡ್‌ಫೋನ್. 250 ಹರ್ಟ್ಜ್‌ನಿಂದ 8000 ಹರ್ಟ್ಜ್‌ವರೆಗೆ ಒಂದೊಂದೇ ಪೀಂ ಸದ್ದು. ಕೇಳಿದರೆ ಬಟನ್ ಒತ್ತಬೇಕು. 25 ಡೆಸಿಬೆಲ್ ಒಳಗಿನ ಸಣ್ಣ ಸದ್ದನ್ನೂ ಹಿಡಿದರೆ ದೊಡ್ಡವರಿಗೆ ಸಾಮಾನ್ಯವಾಗಿ ‘ನಾರ್ಮಲ್’ ಎಂದು ಬರೆಯುತ್ತಾರೆ. ಸದ್ದು ಮಿದುಳಿಗೆ ಮುಟ್ಟಿತಾ ಇಲ್ಲವಾ, ಇಷ್ಟೇ ಅದರ ಪ್ರಶ್ನೆ. ಸ್ವಲ್ಪ ತಡವಾಗಿ ಮುಟ್ಟಿದರೂ, ಚೂರು ಚದುರಿ ಮುಟ್ಟಿದರೂ ನೀವು ಬಟನ್ ಒತ್ತುತ್ತೀರಿ. ಪಾಸ್! ಆದರೆ ಯಾರೂ ನಿಮ್ಮ ಹತ್ತಿರ ಸದ್ದಿಲ್ಲದ ಕೋಣೆಯಲ್ಲಿ ಪೀಂ ಪೀಂ ಎಂದು ಮಾತಾಡುವುದಿಲ್ಲ, ಅಲ್ವಾ?

ಎಂಎಸ್‌ನಲ್ಲಿ ಕೆಡುವುದು ಬಹುತೇಕ ಕಿವಿಯಲ್ಲ, ಕಿವಿಯಿಂದ ಮೇಲೆ ಹೋಗುವ ದಾರಿ. ಒಳಗಿವಿಯ ಬಸವನ ಹುಳುವಿನಾಕಾರದ ಕೋಕ್ಲಿಯಾದಲ್ಲಿ ಕೂದಲ ಕೋಶಗಳಿವೆ. ಅವು ಸದ್ದನ್ನು ನರದ ಸಂಕೇತವಾಗಿ ಮಾರ್ಪಡಿಸುತ್ತವೆ. ಅವುಗಳ ತಂಟೆಗೆ ಎಂಎಸ್ ಹೋಗುವುದಿಲ್ಲ. ಅಲ್ಲಿಂದ ಹೊರಡುವ ಶ್ರವಣ ನರಕ್ಕೆ ಮಯಲಿನ್ ಎಂಬ ಹೊದಿಕೆ ಇದೆ. ಕಿವಿಯ ಕಡೆಯ ತುಂಡಿಗೆ ಅದನ್ನು ಹೊದಿಸುವುದು ಶ್ವಾನ್ ಕೋಶಗಳು. ಮಿದುಳುಕಾಂಡದ (ಮಿದುಳಿನ ಬುಡದ) ಕಡೆಯ ತುಂಡಿಗೆ ಮತ್ತು ಅಲ್ಲಿಂದ ಮೇಲಿನ ಇಡೀ ದಾರಿಗೆ ಹೊದಿಸುವುದು ಆಲಿಗೊಡೆಂಡ್ರೊಸೈಟ್‌ಗಳು. ಎಂಎಸ್‌ನಲ್ಲಿ ದೇಹದ ರಕ್ಷಣಾ ಪಡೆ ದಾಳಿ ಮಾಡುವುದು ಈ ಎರಡನೇ ಬಗೆಯ ಹೊದಿಕೆಯ ಮೇಲೆ. ಹೊದಿಕೆ ಕಿತ್ತುಹೋದ ಕಡೆ ಸಂಕೇತ ನಿಧಾನವಾಗುತ್ತದೆ. ಕೆಲವು ಎಳೆಗಳಲ್ಲಿ ನಿಂತೇ ಹೋಗುತ್ತದೆ.

ನಿಧಾನವಾದರೆ ಏನಂತೆ, ಎಲ್ಲವೂ ಒಂದೇ ಸಮ ನಿಧಾನವಾದರೆ ಸರಿ ತಾನೇ? ಒಂದೇ ಸಮ ಆಗುವುದಿಲ್ಲ, ಅದೇ ತೊಂದರೆ. ಒಂದು ತರಗತಿಯ ಮಕ್ಕಳೆಲ್ಲ ಒಟ್ಟಿಗೆ ಮಗ್ಗಿ ಹೇಳಿದರೆ ಹೊರಗೆ ನಿಂತವರಿಗೂ ‘ಎರಡೊಂದ್ಲ ಎರಡು’ ಸ್ಪಷ್ಟವಾಗಿ ಕೇಳಿಸುತ್ತದೆ. ಅದೇ ಮಕ್ಕಳು ಒಬ್ಬೊಬ್ಬರೂ ಒಂದೊಂದು ಕ್ಷಣ ಹಿಂದೆ ಮುಂದೆ ಹೇಳಲಿ. ಸದ್ದು ಅಷ್ಟೇ ಇರುತ್ತದೆ, ಮಗ್ಗಿ ಇರುವುದಿಲ್ಲ. ನಿಮ್ಮ ಶ್ರವಣ ನರದ ಎಳೆಗಳು ಹಾಗಾಗಿವೆ.

ಮಾತು ಅಂದರೆ ಹೆಚ್ಚುಕಡಿಮೆ ಸಮಯದ ಆಟ. ‘ಕಾಳಿ’ ಮತ್ತು ‘ಗಾಳಿ’ ಹೇಳಿ ನೋಡಿ. ನಾಲಿಗೆ ಇರುವ ಜಾಗ ಒಂದೇ. ಗಂಟಲು ಯಾವಾಗ ಮಿಡಿಯಲು ಶುರು ಮಾಡಿತು ಎಂಬುದರಲ್ಲೇ ಮುಖ್ಯ ವ್ಯತ್ಯಾಸ. ‘ಕತೆ’ಗೂ ‘ಕತ್ತೆ’ಗೂ ಇರುವ ವ್ಯತ್ಯಾಸ ನಡುವಿನ ಮೌನದ ಉದ್ದ. ಸುಮ್ಮನಿರುವ ಕೋಣೆಯಲ್ಲಿ ಆ ಮೌನ ನಿಮಗೂ ಸಿಗುತ್ತದೆ. ಪಕ್ಕದಲ್ಲಿ ಇನ್ನೊಬ್ಬರು ಮಾತಾಡುತ್ತಿದ್ದರೆ ಅವರ ದನಿ ಆ ಮೌನವನ್ನು ತುಂಬಿಬಿಡುತ್ತದೆ. ಆರೋಗ್ಯವಂತರ ಮಿದುಳು ಗದ್ದಲದ ನಡುವೆ ಸಿಗುವ ಚೂರುಪಾರು ಸಂದಿಗಳಲ್ಲಿ ಇಣುಕಿ ಉಳಿದದ್ದನ್ನು ಊಹಿಸಿಕೊಳ್ಳುತ್ತದೆ. ಆ ಸಂದಿಗಳು ನಿಮಗೆ ಮಸುಕು.

ಇನ್ನೊಂದು ವಿಷಯ ಎರಡು ಕಿವಿಗಳ ಲೆಕ್ಕಾಚಾರ. ಎಡದಿಂದ ಬಂದ ದನಿ ಎಡಗಿವಿಗೆ ಮೊದಲು ಮುಟ್ಟುತ್ತದೆ, ಬಲಗಿವಿಗೆ ಆಮೇಲೆ. ಈ ವ್ಯತ್ಯಾಸ ಹೆಚ್ಚೆಂದರೆ 0.7 ಮಿಲಿಸೆಕೆಂಡ್ ಆಸುಪಾಸು. ಮಿದುಳುಕಾಂಡ ಇಷ್ಟು ಸಣ್ಣದನ್ನು ಅಳೆದು ‘ಈ ದನಿ ಅಲ್ಲಿಂದ, ಆ ದನಿ ಇಲ್ಲಿಂದ’ ಎಂದು ಬೇರೆ ಮಾಡುತ್ತದೆ. ಹಾಗೆ ಬೇರೆಯಾದಾಗ ಇಬ್ಬರು ಮಾತಾಡುವ ಕಡೆ ಒಬ್ಬರ ಮಾತನ್ನು ಹಿಡಿಯುವುದು ಸುಲಭ. ಒಂದು ಕಡೆಯ ಸಂಕೇತ ಚದುರಿ ಬಂದರೆ ಈ ಲೆಕ್ಕ ತಪ್ಪುತ್ತದೆ. ನಿಮ್ಮ ತೊಂದರೆ ‘ಇಬ್ಬರು ಒಟ್ಟಿಗೆ ಮಾತಾಡಿದಾಗ’ ಶುರುವಾಗುವುದು ಸುಮ್ನೆ ಅಲ್ಲ.

ಈಗ ಮಾಡಬೇಕಾದದ್ದು. ‘ಕಿವಿ ಟೆಸ್ಟ್’ ಎಂದು ಕೇಳಬೇಡಿ, ಮತ್ತೆ ಅದೇ ಪೀಂ ಪೀಂ ಮಾಡಿ ಕಳಿಸುತ್ತಾರೆ. ‘ಗದ್ದಲದಲ್ಲಿ ಮಾತು ಎಷ್ಟು ತಿಳಿಯುತ್ತದೆ ಎಂದು ನೋಡುವ ಪರೀಕ್ಷೆ ಬೇಕು, ಸೆಂಟ್ರಲ್ ಆಡಿಟರಿ ಟೆಸ್ಟ್ ಬೇಕು’ ಎಂದು ಹೇಳಿ. ಇದರಲ್ಲಿ ನನಗೆ ಇಷ್ಟದ ಪರೀಕ್ಷೆ ಒಂದಿದೆ. ಎರಡೂ ಕಿವಿಗೆ ಒಂದೇ ಥರದ ಶ್‌ಶ್ ಗದ್ದಲ ಹಾಕುತ್ತೇವೆ. ಅದರೊಳಗೆ 500 ಹರ್ಟ್ಜ್‌ನ ಸಣ್ಣ ಸದ್ದು. ಗದ್ದಲದಲ್ಲಿ ಅದು ಮುಳುಗಿ ಕಾಣೆಯಾಗುವವರೆಗೆ ಇಳಿಸುತ್ತೇವೆ. ಆಮೇಲೆ ಒಂದು ಕಿವಿಗೆ ಹೋಗುವ ಸದ್ದಿನ ಅಲೆಯನ್ನು ಮಾತ್ರ ತಲೆಕೆಳಗು ಮಾಡುತ್ತೇವೆ. ಜೋರು ಮಾಡುವುದಿಲ್ಲ, ಬರೀ ತಿರುಗಿಸುತ್ತೇವೆ. ಆರೋಗ್ಯವಂತರಿಗೆ ಆ ಸದ್ದು ಗದ್ದಲದಿಂದ ಟಕ್ಕನೆ ಎದ್ದು ಬರುತ್ತದೆ. ಸುಮಾರು 10 ಡೆಸಿಬೆಲ್ ಅಥವಾ ಅದಕ್ಕೂ ಜಾಸ್ತಿ ಲಾಭ ಸಿಗುತ್ತದೆ. ಮಿದುಳುಕಾಂಡದಲ್ಲಿ ಎರಡು ಕಿವಿಗಳ ಹೋಲಿಕೆ ಕೆಟ್ಟಿದ್ದರೆ ಈ ಲಾಭ ಕುಗ್ಗುತ್ತದೆ. ತಿರುಗಿಸಿದರೂ ಒಂದೇ, ಬಿಟ್ಟರೂ ಒಂದೇ. ಇದಕ್ಕೆ ಮಾಸ್ಕಿಂಗ್ ಲೆವೆಲ್ ಡಿಫರೆನ್ಸ್ ಎನ್ನುತ್ತಾರೆ. ಕೆಲವೇ ನಿಮಿಷದ ಕೆಲಸ, ಆದರೂ ಮಾಡುವವರು ಕಡಿಮೆ.

ಇನ್ನೊಂದು ಡೈಕಾಟಿಕ್ ಅಂಕಿ ಪರೀಕ್ಷೆ. ಬಲಗಿವಿಗೆ ‘ನಾಲ್ಕು’, ಎಡಗಿವಿಗೆ ‘ಒಂಬತ್ತು’ ಒಂದೇ ಕ್ಷಣಕ್ಕೆ ಹೇಳುತ್ತದೆ. ಎರಡನ್ನೂ ಒಪ್ಪಿಸಬೇಕು. ಹೆಚ್ಚಿನವರಲ್ಲಿ ಭಾಷೆಯ ಕೆಲಸ ಮಿದುಳಿನ ಎಡಭಾಗದ್ದು. ಎಡಗಿವಿಯ ಅಂಕಿ ಮೊದಲು ಬಲಭಾಗಕ್ಕೆ ಹೋಗಿ, ಅಲ್ಲಿಂದ ಎರಡು ಭಾಗಗಳನ್ನು ಜೋಡಿಸುವ ನರಗಳ ಸೇತುವೆ ಕಾರ್ಪಸ್ ಕ್ಯಾಲೋಸಮ್ ದಾಟಿ ಎಡಕ್ಕೆ ಬರಬೇಕು. ಎಂಎಸ್ ಕಲೆಗಳಿಗೆ, ಅಂದರೆ ಹೊದಿಕೆ ಕಿತ್ತುಹೋದ ಗಾಯಗಳಿಗೆ, ಈ ಕಾರ್ಪಸ್ ಕ್ಯಾಲೋಸಮ್ ಬಲು ಪ್ರೀತಿಯ ಜಾಗ. ಹಾಗಾಗಿ ಒಂದೊಂದೇ ಕಿವಿಗೆ ಹೇಳಿದಾಗ ಎಲ್ಲ ಸರಿ ಹೇಳುವವರು, ಎರಡಕ್ಕೂ ಒಟ್ಟಿಗೆ ಹೇಳಿದಾಗ ಎಡಗಿವಿಯದ್ದನ್ನು ಬಿಟ್ಟುಬಿಡುತ್ತಾರೆ.

ಈ ಪರೀಕ್ಷೆಗಳಿಗೆ ಗಮನ ಬೇಕು. ಸುಸ್ತಾಗಿದ್ದರೆ ಅಂಕ ಕಡಿಮೆ ಬರುತ್ತದೆ. ನಿಮಗೆ ಮೈ ಹಗುರ ಇರುವ ಹೊತ್ತಿಗೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.

ಪ್ರಶ್ನೆ: ಎಂಎಸ್ ಇರುವ ನನಗೆ ಬೆರಾ ಮಾಡಿಸಿದರು. ‘ಬಲಗಿವಿ, 1–5 ಅಂತರ 4.9 ಮಿಲಿಸೆಕೆಂಡ್, ಹೆಚ್ಚಾಗಿದೆ’ ಎಂದು ರಿಪೋರ್ಟ್ ಬಂದಿದೆ. ಓಎಇ ಮಾತ್ರ ನಾರ್ಮಲ್ ಅಂತೆ. ಒಂದು ಕೆಟ್ಟಿದೆ, ಒಂದು ಸರಿ ಇದೆ ಅಂದರೆ ಏನರ್ಥ? ಬಲಗಿವಿ ಹೋಗುತ್ತಾ?

ಉತ್ತರ: ಆ ಸಂಖ್ಯೆ ಕಿವಿ ಹೋಗುತ್ತದೆ ಎಂದು ಹೇಳುತ್ತಿಲ್ಲ. ರಿಪೋರ್ಟ್ ಕೈಗೆ ಕೊಟ್ಟವರು ಎರಡು ನಿಮಿಷ ವಿವರಿಸಿದ್ದರೆ ನಿಮ್ಮ ನಿದ್ದೆ ಉಳಿಯುತ್ತಿತ್ತು.

ಬೆರಾದಲ್ಲಿ ನೀವೇನೂ ಮಾಡಬೇಕಿಲ್ಲ. ಹಣೆ ಮೇಲೆ, ಕಿವಿ ಹಿಂದೆ ಎಲೆಕ್ಟ್ರೋಡ್ ಅಂಟಿಸುತ್ತೇವೆ. ಕಿವಿಗೆ ಟಿಕ್ ಟಿಕ್ ಸದ್ದು ಬಿಡುತ್ತೇವೆ. ಪ್ರತಿ ಟಿಕ್‌ಗೂ ನರದಾರಿಯಲ್ಲಿ ಒಂದು ಪುಟ್ಟ ವಿದ್ಯುತ್ ಅಲೆ ಓಡುತ್ತದೆ. ಮೈಕ್ರೋವೋಲ್ಟ್‌ಗಿಂತಲೂ ಕಡಿಮೆ. ಅದು ಮಿದುಳಿನ ಉಳಿದ ವಿದ್ಯುತ್ತಿನಲ್ಲಿ, ಕತ್ತಿನ ಸ್ನಾಯುವಿನ ವಿದ್ಯುತ್ತಿನಲ್ಲಿ ಮುಚ್ಚಿಹೋಗಿರುತ್ತದೆ. ಅದಕ್ಕೇ ಒಂದೆರಡು ಸಾವಿರ ಟಿಕ್ ಕೊಟ್ಟು ಸರಾಸರಿ ತೆಗೆಯುವುದು. ಮೊದಲು ತೆರೆಯ ಮೇಲೆ ಬರೀ ಗೀಚು. ನೋಡನೋಡುತ್ತಾ ಗೀಚು ಇಳಿದು, 10 ಮಿಲಿಸೆಕೆಂಡಿನೊಳಗೆ ಐದು ಸಣ್ಣ ಗುಡ್ಡಗಳು ಮೇಲೇಳುತ್ತವೆ. 1970ರ ಆಸುಪಾಸಿನಲ್ಲಿ ಡಾನ್ ಜುವೆಟ್ ಇವನ್ನು ವಿವರಿಸಿ ಒಂದು, ಎರಡು ಎಂದು ಸಾಲಾಗಿ ಗುರುತು ಹಾಕಿದರು. ಈಗಲೂ ಅದೇ ಲೆಕ್ಕ. ಎಷ್ಟೋ ವರ್ಷದಿಂದ ಇದನ್ನೇ ನೋಡುತ್ತಿದ್ದರೂ, ಆ ಐದನೇ ಗುಡ್ಡ ಗೀಚಿನಿಂದ ಎದ್ದು ಬರುವುದನ್ನು ನೋಡುವುದು ನನಗೆ ಇನ್ನೂ ಖುಷಿ.

ಮೊದಲ ಅಲೆ ಕಿವಿಯ ಹತ್ತಿರದ ನರದ್ದು. ಮೂರನೆಯದು ಮಿದುಳುಕಾಂಡದ ಕೆಳಭಾಗದ್ದು. ಐದನೆಯದು ಮೇಲ್ಭಾಗದ್ದು. ಒಂದರಿಂದ ಐದಕ್ಕೆ ಸುಮಾರು 4 ಮಿಲಿಸೆಕೆಂಡ್ ಬೇಕು. 4.5 ದಾಟಿದರೆ ಸಾಮಾನ್ಯವಾಗಿ ‘ಹೆಚ್ಚು’ ಎನ್ನುತ್ತೇವೆ. ಪ್ರತಿ ಪರೀಕ್ಷಾ ಕೇಂದ್ರಕ್ಕೂ ಅದರದ್ದೇ ಮಿತಿ ಇರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಈ ಅಂತರ ಚೂರು ಕಡಿಮೆ. ನಿಮ್ಮದು 4.9. ಅಂದರೆ ಬಲಗಿವಿಯಿಂದ ಹೊರಟ ಸಂಕೇತ ಮಿದುಳುಕಾಂಡ ದಾಟುವಾಗ ಎಲ್ಲೋ ಸುಮಾರು 0.9 ಮಿಲಿಸೆಕೆಂಡಿನಷ್ಟು ತಡವಾಗುತ್ತಿದೆ. ರಿಪೋರ್ಟ್‌ನಲ್ಲಿ 1–3 ಮತ್ತು 3–5 ಅಂತರಗಳೂ ಇರಬೇಕು, ನೋಡಿ. ಮೊದಲನೆಯದು ಉದ್ದವಾಗಿದ್ದರೆ ತಡೆ ಕೆಳಗೆ, ಎರಡನೆಯದು ಉದ್ದವಾಗಿದ್ದರೆ ಮೇಲೆ. ಕೆಲವರಲ್ಲಿ ಐದನೇ ಅಲೆ ತಡವಾಗುವ ಬದಲು ಕುಗ್ಗಿರುತ್ತದೆ, ಅಥವಾ ಇರುವುದೇ ಇಲ್ಲ. ಅಂಥವರಲ್ಲೂ ಆಡಿಯೋಗ್ರಾಂ ನಾರ್ಮಲ್ ಬರಬಹುದು. ಎಳೆಗಳು ಒಟ್ಟಿಗೆ ಮಿಡಿಯದಿದ್ದರೆ ಗುಡ್ಡ ಕಟ್ಟುವುದಿಲ್ಲ, ಅಷ್ಟೇ.

ಅನುಮಾನ ಉಳಿದರೆ ನಾವು ಟಿಕ್‌ಗಳ ವೇಗ ಏರಿಸುತ್ತೇವೆ. ನಿಧಾನಕ್ಕೆ ಕೊಟ್ಟಾಗ ಸುಧಾರಿಸಿಕೊಂಡು ಓಡುವ ನರ, ಬೇಗ ಬೇಗ ಕೊಟ್ಟಾಗ ಏದುಸಿರು ಬಿಡುತ್ತದೆ. ಅಡಗಿದ್ದ ತೊಂದರೆ ಆಗ ಕಾಣುತ್ತದೆ.

ಇನ್ನು ಓಎಇ. ಡೇವಿಡ್ ಕೆಂಪ್ 1978ರಲ್ಲಿ ತೋರಿಸಿಕೊಟ್ಟ ವಿಚಿತ್ರ ಇದು. ಆರೋಗ್ಯವಾಗಿರುವ ಕೋಕ್ಲಿಯಾ ಸದ್ದನ್ನು ಕೇಳುವುದಷ್ಟೇ ಅಲ್ಲ, ತಾನೂ ಸಣ್ಣಗೆ ಸದ್ದು ಹೊರಡಿಸುತ್ತದೆ. ಕಿವಿಯಲ್ಲಿಟ್ಟ ಪುಟ್ಟ ಮೈಕ್ ಅದನ್ನು ಹಿಡಿಯುತ್ತದೆ. ನಿಮ್ಮ ಓಎಇ ಸರಿ ಇದೆ, ಅಂದರೆ ಕೋಕ್ಲಿಯಾ ಚೆನ್ನಾಗಿದೆ. ಬೆರಾ ತಡವಾಗಿದೆ, ಅಂದರೆ ದಾರಿಯಲ್ಲಿ ತೊಂದರೆ. ಎರಡು ರಿಪೋರ್ಟ್‌ಗಳು ಜಗಳವಾಡುತ್ತಿಲ್ಲ. ಎರಡೂ ಸೇರಿ ತೊಂದರೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿವೆ. ಬೇಕಾದರೆ ಅಕೌಸ್ಟಿಕ್ ರಿಫ್ಲೆಕ್ಸ್ ಡಿಕೇ ಕೂಡ ಮಾಡುತ್ತಾರೆ. ಜೋರು ಸದ್ದಿಗೆ ನಡುಗಿವಿಯ ಪುಟ್ಟ ಸ್ನಾಯು ಬಿಗಿಯಾಗುತ್ತದೆ. 10 ಸೆಕೆಂಡ್ ಸದ್ದು ಹಿಡಿದಿಟ್ಟರೆ ಅದೂ ಬಿಗಿಯಾಗೇ ಇರಬೇಕು. ಅರ್ಧಕ್ಕಿಂತ ಜಾಸ್ತಿ ಸಡಿಲವಾದರೆ ನರದ ಕಡೆ ಗಮನ ಕೊಡಬೇಕು.

ಎಂಆರ್‌ಐ ಬರುವ ಮುಂಚೆ ಕಣ್ಣಿಗೆ ಬೀಳದ ಎಂಎಸ್ ಕಲೆಗಳನ್ನು ಹುಡುಕಲು ಬೆರಾ ಬಳಸುತ್ತಿದ್ದರು. ಈಗ ಆ ಕೆಲಸ ಎಂಆರ್‌ಐದು. ಎಂಎಸ್ ಪತ್ತೆಗೆ ಬಳಸುವ ಮ್ಯಾಕ್‌ಡೊನಾಲ್ಡ್ ಮಾನದಂಡಗಳ 2017ರ ಪಟ್ಟಿಯಲ್ಲಿ ಬೆರಾ ಇಲ್ಲ. ಹಾಗಂತ ಅದು ದಂಡ ಅಲ್ಲ. ಎಂಆರ್‌ಐ ಕಲೆ ಎಲ್ಲಿದೆ ಎಂದು ತೋರಿಸುತ್ತದೆ, ಆ ದಾರಿಯಲ್ಲಿ ಓಡಾಟ ಹೇಗಿದೆ ಎಂದು ಬೆರಾ ಹೇಳುತ್ತದೆ. ಕಲೆ ಇದ್ದೂ ಬೆರಾ ಸರಿ ಇರಬಹುದು. ಕಲೆ ಕಾಣದೆಯೂ ಬೆರಾ ತಡವಾಗಬಹುದು. ಮುಂದೆ ಕೇಳುವಿಕೆ ಬದಲಾದರೆ ಹೋಲಿಸಿ ನೋಡಲು ಈ 4.9 ಬೇಕಾಗುತ್ತದೆ. ರಿಪೋರ್ಟ್ ಬಿಸಾಡಬೇಡಿ.

ಪ್ರಶ್ನೆ: ಬೆಳಿಗ್ಗೆ ಎದ್ದಾಗ ಎಡಗಿವಿ ಪೂರ್ತಿ ಬಂದ್ ಆಗಿದೆ. ಎಂಎಸ್‌ನಲ್ಲಿ ಇದೆಲ್ಲ ಬಂದು ಹೋಗುತ್ತದೆ, ಎರಡು ವಾರ ಕಾಯಿರಿ ಎಂದು ಗೆಳತಿ ಹೇಳುತ್ತಾಳೆ. ಕಾಯಬಹುದಾ?

ಉತ್ತರ: ಬೇಡ. ಈ ಪತ್ರಕ್ಕೆ ಅಂಕಣದಲ್ಲಿ ಉತ್ತರ ಬರುವವರೆಗೂ ಕಾಯಬಾರದು ಎಂದು ಅವರಿಗೆ ಆ ಕೂಡಲೇ ತಿಳಿಸಿದ್ದೇನೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೂರು ದಿನದೊಳಗೆ, ಅಕ್ಕಪಕ್ಕದ ಮೂರು ಫ್ರೀಕ್ವೆನ್ಸಿಗಳಲ್ಲಿ 30 ಡೆಸಿಬೆಲ್ ಅಥವಾ ಜಾಸ್ತಿ ಕೇಳುವಿಕೆ ಇಳಿದರೆ, ಮತ್ತು ತೊಂದರೆ ಒಳಗಿವಿಯದ್ದೋ ನರದ್ದೋ ಆಗಿದ್ದರೆ ಅದು ‘ದಿಢೀರ್ ಕಿವುಡು’. ಎಂಎಸ್ ಇರುವವರಿಗೂ, ಇಲ್ಲದವರಿಗೂ ಇದು ತುರ್ತು. ಸ್ಟಿರಾಯ್ಡ್ ಕೊಡುವುದಾದರೆ ಬೇಗ ಕೊಡಬೇಕು. ಮೊದಲ ಎರಡು ವಾರ ಬಹಳ ಮುಖ್ಯ, ಅದರಲ್ಲೂ ಮೊದಲ ಕೆಲವು ದಿನ. ನಿಮ್ಮ ಗೆಳತಿ ಕಾಯಲು ಹೇಳಿದ್ದು ಅದೇ ಎರಡು ವಾರ!

ಎಂಎಸ್‌ನಿಂದ ಹೀಗಾಗುವುದು ಅಪರೂಪ. ಆದರೂ ಆಗುತ್ತದೆ. ಕೆಲವರಲ್ಲಿ ಎಂಎಸ್‌ನ ಮೊದಲ ಸುಳಿವೇ ಇದಾಗಿರುತ್ತದೆ. ಎಂಎಸ್‌ನಿಂದಲೇ ಬಂದದ್ದಾದರೆ ಬಹಳಷ್ಟು ಜನರಲ್ಲಿ ಚೆನ್ನಾಗಿ ಮರಳುತ್ತದೆ. ಹಾಗಂತ ಎಂಎಸ್‌ನಿಂದಲೇ ಬಂತು ಎಂದು ಮನೆಯಲ್ಲಿ ಕೂತು ಹೇಳಲಾಗುವುದಿಲ್ಲ. ಆಡಿಯೋಗ್ರಾಂ, ಎಂಆರ್‌ಐ ಬೇಕು. ಇಎನ್‌ಟಿ ಡಾಕ್ಟರಿಗೂ ನ್ಯೂರಾಲಜಿಸ್ಟ್‌ಗೂ ಒಂದೇ ದಿನ ತಿಳಿಸಿ. ಹಿಂದೆ ರಿಲ್ಯಾಪ್ಸ್‌ಗೆ (ಎಂಎಸ್ ಮತ್ತೆ ಕೆರಳಿದ್ದಕ್ಕೆ) ಕೊಟ್ಟ ಸ್ಟಿರಾಯ್ಡ್ ಮನೆಯಲ್ಲಿ ಉಳಿದಿದೆ ಎಂದು ನೀವೇ ನುಂಗಬೇಡಿ. ಒಳಗೆ ಸೋಂಕು ಇದ್ದರೆ ಅದು ಕೆರಳುತ್ತದೆ.

ಫೋನಿನಲ್ಲಿ ಯಾರಾದರೂ ಹೀಗೆ ಹೇಳಿದಾಗ ನಾನು ಒಂದು ಕೆಲಸ ಮಾಡಿಸುತ್ತೇನೆ. ಬಾಯಿ ಮುಚ್ಚಿ ‘ಹ್ಞೂಂ’ ಎಂದು ಗುನುಗಿ. ಸದ್ದು ಬಂದ್ ಆದ ಕಿವಿಯಲ್ಲೇ ಜೋರಾಗಿ ಕೇಳಿಸಿದರೆ ಗುಗ್ಗೆಯೋ ನೀರೋ ಕಟ್ಟಿರುವ ಸಾಧ್ಯತೆ ಜಾಸ್ತಿ. ಒಳ್ಳೆಯ ಕಿವಿಯಲ್ಲಿ ಕೇಳಿಸಿದರೆ ಒಳಗಿವಿ ಅಥವಾ ನರದ ತೊಂದರೆ ಇರಬಹುದು. ಇದು ಓಡಬೇಕಾ, ನಡೆದು ಹೋದರೆ ಸಾಕಾ ಎಂಬುದಕ್ಕೆ ಮಾತ್ರ. ಹೋಗುವುದಂತೂ ಹೋಗಲೇಬೇಕು.

ಪ್ರಶ್ನೆ: ತಂದೆಗೆ 68. ಹಳೆಯ ಎಂಎಸ್. ಈಚೆಗೆ ಟಿವಿ ಜೋರು ಮಾಡಿದರೂ ಕೇಳುವುದಿಲ್ಲ. ‘ಎಂಎಸ್ ಅಲ್ವಾ, ಹಾಗೇ’ ಎಂದು ಎಲ್ಲರೂ ಕೈಚೆಲ್ಲುತ್ತಾರೆ.

ಉತ್ತರ: ನನಗೆ ಸಿಟ್ಟು ಬರುವ ಮಾತು ಇದು. ಮೊದಲನೇ ಪ್ರಶ್ನೆಯಲ್ಲಿ ಎಂಎಸ್ ತೊಂದರೆಯನ್ನು ‘ಏನಿಲ್ಲ’ ಎಂದು ತಳ್ಳಿದರು. ಇಲ್ಲಿ ಏನೇ ಆದರೂ ಎಂಎಸ್ ತಲೆಗೆ ಕಟ್ಟುತ್ತಿದ್ದಾರೆ. ಎರಡಕ್ಕೂ ಮದ್ದು ಒಂದೇ, ಸರಿಯಾಗಿ ಪರೀಕ್ಷೆ ಮಾಡುವುದು.

ಇಂಥದ್ದೇ ಹಿರಿಯರೊಬ್ಬರನ್ನು ಮಗಳು ಕರೆತಂದಿದ್ದರು. ಕೈಯಲ್ಲಿ ದಪ್ಪ ಫೈಲು. ಮೂರು ಎಂಆರ್‌ಐ ಇದ್ದವು. ಆಟೋಸ್ಕೋಪ್ ಇಟ್ಟು ನೋಡಿದರೆ ಬಲಗಿವಿಯ ಪರದೆಯೇ ಕಾಣುತ್ತಿಲ್ಲ. ಕಪ್ಪಗೆ, ಗಟ್ಟಿ ಗುಗ್ಗೆ. ಅಷ್ಟೂ ದಿನ ಯಾರೂ ಕಿವಿಯೊಳಗೆ ದೀಪ ಬಿಟ್ಟು ನೋಡಿರಲಿಲ್ಲ. ಗುಗ್ಗೆ ಮೆತ್ತಗಾಗಲು ಹನಿ ಹಾಕಿ, ಇಎನ್‌ಟಿಯವರು ತೆಗೆದ ಮೇಲೆ ಆಡಿಯೋಗ್ರಾಂ ಮಾಡಿದೆ. ಎರಡೂ ಕಿವಿಯಲ್ಲಿ ಮೇಲಿನ ಫ್ರೀಕ್ವೆನ್ಸಿಗಳು ಇಳಿಜಾರಾಗಿ ಕೆಳಗೆ ಬಂದಿದ್ದವು. ವಯಸ್ಸಿನ ಕಿವುಡು, ಅಷ್ಟೇ. ಹಿಯರಿಂಗ್ ಏಡ್ ಹಾಕಿದಾಗ ಅವರು ಮೊದಲು ಹೇಳಿದ ಮಾತು, ‘ನಿನ್ನ ಬಳೆ ಇಷ್ಟು ಸದ್ದು ಮಾಡುತ್ತದಾ?’

ಎಂಎಸ್ ಇದ್ದವರಿಗೂ ವಯಸ್ಸಾಗುತ್ತದೆ. ಗುಗ್ಗೆ ಕಟ್ಟುತ್ತದೆ. ನೆಗಡಿಯಾಗಿ ನಡುಗಿವಿ ತುಂಬುತ್ತದೆ. ಇನ್ನೊಂದು ವಿಷಯ ಕೇಳಿ. ಎಂಎಸ್‌ನಲ್ಲಿ ಮೂತ್ರದ ಸೋಂಕು ಪದೇ ಪದೇ ಬರುವುದುಂಟು. ಜೆಂಟಾಮೈಸಿನ್‌ನಂಥ ಇಂಜೆಕ್ಷನ್ ಕೊಟ್ಟಿದ್ದರೆ ಅದು ಒಳಗಿವಿಯ ಕೂದಲ ಕೋಶಗಳನ್ನು ಕೆಡಿಸಬಲ್ಲದು. ತಂದೆಗೆ ಕೊಟ್ಟ ಔಷಧಿಗಳ ಪಟ್ಟಿ ತೆಗೆದುಕೊಂಡು ಹೋಗಿ.

ಪ್ರಶ್ನೆ: ನನಗೆ 23. ಎರಡೂ ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಇಂಟರ್‌ನೆಟ್‌ನಲ್ಲಿ ಎಂಎಸ್ ಲಕ್ಷಣ ಎಂದು ಓದಿ ರಾತ್ರಿ ನಿದ್ದೆ ಇಲ್ಲ.

ಉತ್ತರ: ರಾತ್ರಿ ಇಂಟರ್‌ನೆಟ್ ಓದುವುದನ್ನು ಮೊದಲು ಬಿಡಿ. ಬೇರೆ ಯಾವ ಲಕ್ಷಣವೂ ಇಲ್ಲದೆ ಬರೀ ಗುಂಯ್ ಎನ್ನುವುದು ಎಂಎಸ್‌ನ ಮೊದಲ ಸುಳಿವಾಗುವುದು ತೀರಾ ಅಪರೂಪ. ಜೋರು ಸದ್ದು, ಇಯರ್‌ಫೋನ್, ಗುಗ್ಗೆ, ಇವೇ ಸಾಮಾನ್ಯ ಕಾರಣ. ಒಂದು ಆಡಿಯೋಗ್ರಾಂ ಮಾಡಿಸಿ. ಒಂದೇ ಕಿವಿಯಲ್ಲಿ ಇದ್ದರೆ, ನಾಡಿಯ ಜೊತೆ ಮಿಡಿಯುತ್ತಿದ್ದರೆ ತಡ ಮಾಡದೆ ಇಎನ್‌ಟಿಗೆ ತೋರಿಸಿ.

ಪ್ರಶ್ನೆ: ಬಿಸಿನೀರಿನ ಸ್ನಾನ ಆದ ಮೇಲೆ ಅರ್ಧ ಗಂಟೆ ಮಾತುಗಳು ದೂರದಿಂದ ಬಂದಂತೆ ಕೇಳಿಸುತ್ತವೆ. ಇದು ರಿಲ್ಯಾಪ್ಸಾ? ನನಗೆ ಎಂಎಸ್ ಇದೆ.

ಉತ್ತರ: ಬಹುಶಃ ಅಲ್ಲ. ಮೈ ಬಿಸಿಯಾದಾಗ ಎಂಎಸ್ ಲಕ್ಷಣಗಳು ಜೋರಾಗುವುದನ್ನು ಊಟ್‌ಹಾಫ್ ವಿದ್ಯಮಾನ ಎನ್ನುತ್ತಾರೆ. 1890ರಲ್ಲಿ ವಿಲ್ಹೆಲ್ಮ್ ಊಟ್‌ಹಾಫ್ ದಣಿವಾದಾಗ ದೃಷ್ಟಿ ಮಂಜಾಗುವುದನ್ನು ದಾಖಲಿಸಿದ್ದರು. ಹೊದಿಕೆ ಕಳಚಿದ ನರ ಹೇಗೋ ಏಗುತ್ತಿರುತ್ತದೆ. ದೇಹದ ಉಷ್ಣತೆ ಅರ್ಧ ಡಿಗ್ರಿ ಏರಿದರೂ ಅದಕ್ಕೆ ಸಾಕು, ಸಂಕೇತ ನಿಲ್ಲುತ್ತದೆ. ಕಣ್ಣಿನಲ್ಲಿ ಇದು ಎದ್ದು ಕಾಣುತ್ತದೆ, ಆದರೆ ನಿಯಮ ಯಾವ ನರದಾರಿಗಾದರೂ ಒಂದೇ. ಮೈ ತಣ್ಣಗಾದ ಮೇಲೆ ಹಿಂದಿನಂತಾದರೆ ಹೊಸ ಹಾನಿ ಆಗಿಲ್ಲ. ನೀರು ಉಗುರುಬೆಚ್ಚಗಿರಲಿ. ಜ್ವರ, ಸೋಂಕು ಇಲ್ಲದೆ 24 ಗಂಟೆ ದಾಟಿಯೂ ಹಾಗೇ ಉಳಿದರೆ ನ್ಯೂರಾಲಜಿಸ್ಟ್‌ಗೆ ಫೋನ್ ಮಾಡಿ. ಕಿವಿ ಪರೀಕ್ಷೆಗೆ ಬಿಸಿಲಲ್ಲಿ ಓಡಿ ಬಂದವರನ್ನು ನಾನು ಕೂರಿಸಿ, ತಣ್ಣಗಾದ ಮೇಲೇ ಶುರು ಮಾಡುತ್ತೇನೆ.

ಪ್ರಶ್ನೆ: ಎಂಎಸ್ ಇರುವ ನನ್ನ ಗಂಡನಿಗೆ ನೆನಪಿನ ಪರೀಕ್ಷೆ ಮಾಡಿದರು. ಅಂಕಿ ಕೇಳಿಸಿಕೊಂಡು ಕೂಡಿಸುವುದು. ತೀರಾ ಕಡಿಮೆ ಅಂಕ ಬಂತು. ಅವರು ಲೆಕ್ಕದಲ್ಲಿ ಚುರುಕು. ಕಿವಿಯಿಂದ ಹೀಗಾಗಿರಬಹುದಾ?

ಉತ್ತರ: ಒಳ್ಳೆಯ ಪ್ರಶ್ನೆ. ಡಾಕ್ಟರುಗಳಿಗೂ ಎಷ್ಟೋ ಸಲ ಹೊಳೆಯುವುದಿಲ್ಲ. ನೀವು ಹೇಳಿದ್ದು ಪಾಸಾಟ್ ಪರೀಕ್ಷೆ ಇರಬೇಕು. ರೆಕಾರ್ಡಿಂಗ್‌ನಲ್ಲಿ ಮೂರು ಸೆಕೆಂಡಿಗೊಂದು ಅಂಕಿ ಬರುತ್ತದೆ. ಪ್ರತಿ ಅಂಕಿಯನ್ನೂ ಅದರ ಹಿಂದಿನದಕ್ಕೆ ಕೂಡಿಸಿ ಹೇಳಬೇಕು. ‘ಮೂರು’, ‘ಐದು’ ಬಂದರೆ ಎಂಟು. ಆಮೇಲೆ ‘ಎರಡು’ ಬಂದರೆ ಏಳು, ಹತ್ತಲ್ಲ. ಕಿವಿ ಚೆನ್ನಾಗಿದ್ದವರೂ ಇದರಲ್ಲಿ ಬೆವರುತ್ತಾರೆ. ಒಂದು ಅಂಕಿ ಸರಿಯಾಗಿ ಕೇಳಿಸದಿದ್ದರೆ ಎರಡು ಉತ್ತರ ಕೈಬಿಡುತ್ತವೆ. ಕೇಳಿದ್ದನ್ನು ಬಿಡಿಸಿಕೊಳ್ಳಲೇ ಮಿದುಳಿನ ಶಕ್ತಿ ಖರ್ಚಾದರೆ ಕೂಡಿಸಲು ಏನು ಉಳಿಯುತ್ತದೆ? ಮೊದಲು ಕೇಳುವಿಕೆಯ ಪರೀಕ್ಷೆ ಮಾಡಿಸಿ. ಜೊತೆಗೆ ಎಸ್‌ಡಿಎಂಟಿ ಮಾಡಲು ಕೇಳಿ. ಅದರಲ್ಲಿ ಚಿಹ್ನೆ ನೋಡಿ ಅಂಕಿ ಹೇಳುವುದು, 90 ಸೆಕೆಂಡ್. ಕಿವಿಯ ಕೆಲಸ ಇಲ್ಲ. ಆದರೆ ಕಣ್ಣಿನ ನರಕ್ಕೆ ಏಟು ಬಿದ್ದಿದ್ದರೆ ಅದನ್ನೂ ಹೇಳಿ.

ಪ್ರಶ್ನೆ: ವರ್ಷಕ್ಕೊಂದು ಎಂಆರ್‌ಐ ಆಗುತ್ತದೆ. ಆ ಗಡಗಡ ಸದ್ದಿಗೆ ಕಿವಿ ಕೆಡುವುದಿಲ್ಲವಾ?

ಉತ್ತರ: ರಕ್ಷಣೆ ಇದ್ದರೆ ಇಲ್ಲ. ಯಂತ್ರದೊಳಗೆ ಸದ್ದು 100 ಡೆಸಿಬೆಲ್ ದಾಟುತ್ತದೆ, ಹಾಗಾಗಿ ಇಯರ್‌ಪ್ಲಗ್ ಅಥವಾ ಹೆಡ್‌ಫೋನ್ ಬೇಕೇ ಬೇಕು. ಸ್ಪಂಜಿನ ಪ್ಲಗ್ ಅನ್ನು ಸುಮ್ನೆ ಬಾಗಿಲಲ್ಲಿ ತುರುಕಿದರೆ ಪ್ರಯೋಜನವಿಲ್ಲ. ಸಣ್ಣಗೆ ಹೊಸೆಯಿರಿ. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಡಿ. ಉಬ್ಬುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಿರಿ. ನಿಮ್ಮ ದನಿ ನಿಮಗೇ ಗುಂಯ್ ಎಂದು ಕೇಳಿಸಿದರೆ ಸರಿಯಾಗಿ ಕೂತಿದೆ. ಕೈ ನಡುಗುವವರು ಟೆಕ್ನಿಷಿಯನ್‌ಗೆ ಹಾಕಿಕೊಡಲು ಹೇಳಿ, ಸಂಕೋಚ ಬೇಡ. ಹಿಯರಿಂಗ್ ಏಡ್ ಹೊರಗೇ ಬಿಡಿ. ಕೋಕ್ಲಿಯರ್ ಇಂಪ್ಲಾಂಟ್ ಇದ್ದರೆ ದಿನ ನಿಗದಿಯಾಗುವ ಮೊದಲೇ ತಿಳಿಸಿ, ಒಳಗೆ ಅಯಸ್ಕಾಂತ ಇರುತ್ತದೆ.

ಪ್ರಶ್ನೆ: ಬೆರಾದಲ್ಲಿ ತೊಂದರೆ, ಆಡಿಯೋಗ್ರಾಂ ನಾರ್ಮಲ್. ಅಂಗಡಿಯವರು ಹಿಯರಿಂಗ್ ಏಡ್ ಹಾಕಿ ಎನ್ನುತ್ತಾರೆ.

ಉತ್ತರ: ಅವಸರ ಬೇಡ. ಹಿಯರಿಂಗ್ ಏಡ್ ಮುಖ್ಯವಾಗಿ ಸದ್ದನ್ನು ಜೋರು ಮಾಡುತ್ತದೆ. ನಿಮಗೆ ಸದ್ದು ಕಮ್ಮಿಯಾಗಿಲ್ಲ. ಗದ್ದಲವೂ ಜೋರಾದರೆ ತಲೆನೋವು ಬೋನಸ್. ಎಂಎಸ್‌ನಲ್ಲಿ ಕೆಲವರಿಗೆ ಸಾಮಾನ್ಯ ಸದ್ದೂ ಸಹಿಸಲಾಗುವುದಿಲ್ಲ, ಅವರಿಗಂತೂ ಇದು ಹಿಂಸೆ. ನಿಮಗೆ ಹೆಚ್ಚು ಉಪಯೋಗ ಆಗುವುದು ರಿಮೋಟ್ ಮೈಕ್. ಮಾತಾಡುವವರ ಕುತ್ತಿಗೆಯ ಹತ್ತಿರ ಮೈಕ್, ನಿಮ್ಮ ಕಿವಿಯಲ್ಲಿ ರಿಸೀವರ್. ಅವರ ದನಿ ಗದ್ದಲ ದಾಟದೆ ನೇರ ಕಿವಿಗೆ ಬರುತ್ತದೆ. ಕೊಳ್ಳುವ ಮೊದಲು ಕೆಲವು ದಿನ ಪ್ರಯೋಗಕ್ಕೆ ಕೇಳಿ, ಗದ್ದಲದ ಜಾಗದಲ್ಲೇ ಹಾಕಿ ನೋಡಿ. ಮೀಟಿಂಗ್‌ನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಎಲ್ಲರ ಮುಖ ಕಾಣುವ ಕಡೆ ಕೂರಿ. ಫೋನಿನ ಲೈವ್ ಕ್ಯಾಪ್ಷನ್ ಹಾಕಿಕೊಳ್ಳಿ. ಆಡಿಯೋಗ್ರಾಂನಲ್ಲೂ ಇಳಿಕೆ ಇದ್ದವರ ಮಾತು ಬೇರೆ, ಅವರಿಗೆ ಹಿಯರಿಂಗ್ ಏಡ್ ಬೇಕಾಗಬಹುದು.

ಪ್ರಶ್ನೆ: ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಕೋಣೆ ಗಿರ್ರನೆ ತಿರುಗುತ್ತದೆ. ಎಂಎಸ್ ಇದೆ.

ಉತ್ತರ: ಒಂದು ನಿಮಿಷದೊಳಗೆ ನಿಲ್ಲುತ್ತದಾ? ಹಾಗಾದರೆ ಒಳಗಿವಿಯ ಸುಣ್ಣದ ಹರಳು ಜಾರಿರಬಹುದು, ಬಿಪಿಪಿವಿ. ಎಂಎಸ್ ಇರುವವರ ದಿಢೀರ್ ತಲೆಸುತ್ತಿಗೂ ಬಹಳ ಸಲ ಇದೇ ಕಾರಣ. ಎಪ್ಲಿ ವಿಧಾನದಲ್ಲಿ ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಜಾಗಕ್ಕೆ ಕಳಿಸುತ್ತಾರೆ. ಸ್ಟಿರಾಯ್ಡ್ ಬೇಕಿಲ್ಲ. ಸುತ್ತು ಗಂಟೆಗಟ್ಟಲೆ ನಿಲ್ಲದಿದ್ದರೆ, ಒಂದು ಎರಡಾಗಿ ಕಂಡರೆ ಕೂಡಲೇ ನ್ಯೂರಾಲಜಿಸ್ಟ್ ಹತ್ತಿರ ಹೋಗಿ.

ಪ್ರಶ್ನೆ: ಬೆರಾಗೆ ಹೋಗುವ ಮೊದಲು ಉಪವಾಸ ಇರಬೇಕಾ?

ಉತ್ತರ: ನಿದ್ದೆ ಔಷಧಿ ಕೊಡುವುದಿದ್ದರೆ ಮಾತ್ರ, ದೊಡ್ಡವರಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ತಲೆ ತೊಳೆದುಕೊಂಡು ಬನ್ನಿ. ಎಣ್ಣೆ, ಮುಖದ ಕ್ರೀಮ್ ಬೇಡ, ಎಲೆಕ್ಟ್ರೋಡ್ ಅಂಟುವುದಿಲ್ಲ. ಹಲ್ಲು ಕಚ್ಚಿಕೊಂಡು, ಕತ್ತು ಬಿಗಿ ಹಿಡಿದು ಮಲಗಬೇಡಿ, ಸ್ನಾಯುವಿನ ವಿದ್ಯುತ್ತೆಲ್ಲ ಗೆರೆಯಲ್ಲಿ ಬರುತ್ತದೆ. ನಿದ್ದೆ ಬಂದರೆ ಆರಾಮಾಗಿ ನಿದ್ದೆ ಮಾಡಿ, ನಮ್ಮ ಕೆಲಸ ಬೇಗ ಮುಗಿಯುತ್ತದೆ.